ಮಕ್ಕಳ ರಕ್ಷಣಾ ಘಟಕಗಳ ಸಿಬ್ಬಂದಿಗೆ ಸರ್ಕಾರದ ಅನುದಾನ: ಅರ್ಜಿದಾರರಿಗೆ ಮಾಹಿತಿ

ಪೀಠಿಕೆ

ಪಾಲನೆ ಮತ್ತು ರಕ್ಷಣೆಯ ಅಗತ್ಯವಿರುವ ಮಕ್ಕಳಿಗೆ ಹಾಗೂ ಕಾನೂನಿನೊಡನೆ ಸಂಘರ್ಷಕ್ಕೊಳಗಾದ ಮಕ್ಕಳಿಗೆ ಸಲ್ಲಬೇಕಾದ ಸೇವೆಗಳು ಪ್ರತಿ ಜಿಲ್ಲೆಯಲ್ಲಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಮೂಲಕ ದೊರೆಯುತ್ತವೆ. ಪ್ರಾಯೋಜಕತ್ವದ ಧನಸಹಾಯ, ಪೋಷಕತ್ವ, ದತ್ತು, ಹದಿನೆಂಟು ವರ್ಷ ತುಂಬಿ ಸಂಸ್ಥೆಯಿಂದ ಹೊರಬರುವವರಿಗೆ ಅನುಪಾಲನೆ, ಇವೆಲ್ಲವುಗಳ ಅರ್ಜಿಗಳು ತಲುಪುವುದು ಇದೇ ಕಚೇರಿಗೆ. ಯೋಜನೆಗಳ ಅರ್ಹತೆ ಮತ್ತು ಮೊತ್ತದ ಬಗ್ಗೆ ಸಾರ್ವಜನಿಕರಿಗೆ ಅಲ್ಪಸ್ವಲ್ಪ ಮಾಹಿತಿ ಇದೆ. ಆದರೆ ಅರ್ಜಿಯನ್ನು ಪರಿಶೀಲಿಸಿ, ಮನೆಗೆ ಬಂದು ವಿಚಾರಿಸಿ, ವರದಿ ಬರೆಯುವ ಸಿಬ್ಬಂದಿಯ ವೇತನ ಎಲ್ಲಿಂದ ಬರುತ್ತದೆ, ಆ ಹುದ್ದೆಗಳು ಎಷ್ಟು, ಅವು ಖಾಲಿ ಉಳಿದರೆ ಅರ್ಜಿಯ ಮೇಲೆ ಏನು ಪರಿಣಾಮ ಎಂಬುದು ಬಹುಮಂದಿಗೆ ತಿಳಿದಿಲ್ಲ. "ಅರ್ಜಿ ಕೊಟ್ಟು ತಿಂಗಳುಗಳಾದವು, ಯಾರೂ ಮನೆಗೆ ಬಂದಿಲ್ಲ" ಎಂಬ ಒಕ್ಕಣೆಯ ಪತ್ರಗಳಿಗೆ ಉತ್ತರ ಬರೆಯುವಾಗಲೆಲ್ಲ ಈ ವಿಷಯ ಎದುರಾಗುವುದರಿಂದ, ಸದರಿ ಮಾಹಿತಿಯನ್ನು ಇಲ್ಲಿ ಒಂದೆಡೆ ನೀಡಲಾಗಿದೆ.

ಯೋಜನೆಯ ಹಿನ್ನೆಲೆ

2009ಕ್ಕೆ ಮೊದಲು ಕೇಂದ್ರ ಸರ್ಕಾರದಲ್ಲಿ ಮೂರು ಬೇರೆ ಬೇರೆ ಯೋಜನೆಗಳಿದ್ದವು: ಬಾಲ ನ್ಯಾಯ ಕಾರ್ಯಕ್ರಮ, ಬೀದಿ ಮಕ್ಕಳ ಸಮಗ್ರ ಕಾರ್ಯಕ್ರಮ ಮತ್ತು ದೇಶದೊಳಗಿನ ದತ್ತುವಿಗೆ ನೆರವಾಗುವ ಶಿಶುಗೃಹಗಳ ಸಹಾಯಧನ. ಈ ಯೋಜನೆಗಳ ಹಣ ಬಹುಪಾಲು ಸಂಸ್ಥೆಗಳ ನಿರ್ವಹಣೆಗೆ ಹೋಗುತ್ತಿತ್ತು. ಮಕ್ಕಳ ರಕ್ಷಣೆಯನ್ನೇ ಕೆಲಸವಾಗಿ ಉಳ್ಳ ಪೂರ್ಣಾವಧಿ ಸಿಬ್ಬಂದಿ ಜಿಲ್ಲಾ ಮಟ್ಟದಲ್ಲಿ ಇರಲಿಲ್ಲವೆಂದೇ ಹೇಳಬಹುದು. 2009-10ನೇ ಸಾಲಿನಲ್ಲಿ ಮೂರನ್ನೂ ಒಗ್ಗೂಡಿಸಿ ಸಮಗ್ರ ಮಕ್ಕಳ ರಕ್ಷಣಾ ಯೋಜನೆಯನ್ನು ಜಾರಿಗೊಳಿಸಲಾಯಿತು. ರಾಜ್ಯಕ್ಕೊಂದು ಮಕ್ಕಳ ರಕ್ಷಣಾ ಸೊಸೈಟಿ, ಜಿಲ್ಲೆಗೊಂದು ಮಕ್ಕಳ ರಕ್ಷಣಾ ಘಟಕ, ಅವುಗಳಿಗೆ ಮಂಜೂರಾದ ಹುದ್ದೆಗಳು ಮತ್ತು ನಿಗದಿತ ವೇತನ, ಈ ವ್ಯವಸ್ಥೆ ರೂಪುಗೊಂಡದ್ದು ಆಗಲೇ. ಯೋಜನೆಗೆ 2017ರಲ್ಲಿ 'ಮಕ್ಕಳ ರಕ್ಷಣಾ ಸೇವೆಗಳು' ಎಂಬ ಹೆಸರಾಯಿತು. 2021-22ರಿಂದ 2025-26ರವರೆಗಿನ ಅವಧಿಗೆ ಇದನ್ನೇ 'ಮಿಷನ್ ವಾತ್ಸಲ್ಯ' ಎಂದು ಪುನರ್ರೂಪಿಸಿ, 2022ರ ಜುಲೈ ತಿಂಗಳಿನಲ್ಲಿ ಮಾರ್ಗಸೂಚಿ ಹೊರಡಿಸಲಾಯಿತು.

ಘಟಕಕ್ಕೆ ಕಾನೂನಿನ ಆಧಾರವೂ ಇದೆ. 2016ರ ಜನವರಿ 15ರಿಂದ ಜಾರಿಯಲ್ಲಿರುವ ಬಾಲ ನ್ಯಾಯ (ಮಕ್ಕಳ ಪಾಲನೆ ಮತ್ತು ರಕ್ಷಣೆ) ಅಧಿನಿಯಮ, 2015ರ ಪ್ರಕರಣ 106ರ ಅನ್ವಯ ಪ್ರತಿ ರಾಜ್ಯ ಸರ್ಕಾರವು ರಾಜ್ಯ ಸೊಸೈಟಿಯನ್ನೂ ಪ್ರತಿ ಜಿಲ್ಲೆಗೆ ಒಂದು ಘಟಕವನ್ನೂ ರಚಿಸತಕ್ಕದ್ದು. ಆದ್ದರಿಂದ ಘಟಕದ ಸಿಬ್ಬಂದಿ ವೆಚ್ಚವನ್ನು ಇಚ್ಛೆಯಿದ್ದರೆ ಮಾಡುವ ವೆಚ್ಚವೆಂದು ಪರಿಗಣಿಸಲು ಬರುವುದಿಲ್ಲ. ಕರ್ನಾಟಕದಲ್ಲಿ ಈ ಕಾರ್ಯವು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ವ್ಯಾಪ್ತಿಗೆ ಬರುತ್ತದೆ.

ಹುದ್ದೆಗಳು ಮತ್ತು ವೇತನ ದರ

ಮಾರ್ಗಸೂಚಿಯಂತೆ ಒಂದು ಜಿಲ್ಲಾ ಘಟಕಕ್ಕೆ ಒಟ್ಟು 12 ಹುದ್ದೆಗಳು. ಘಟಕದ ಮುಖ್ಯಸ್ಥರು ಜಿಲ್ಲಾ ಮಕ್ಕಳ ರಕ್ಷಣಾಧಿಕಾರಿ. ಈ ಹುದ್ದೆಗೆ 2022ರ ಮಾರ್ಗಸೂಚಿಯಲ್ಲಿ ನಿಗದಿಯಾದ ಮಾಸಿಕ ಸಂಚಿತ ವೇತನ ರೂ. 44,023/-. ಅವರ ಕೆಳಗೆ ಬಾಲಮಂದಿರ ಮೊದಲಾದ ಸಂಸ್ಥೆಗಳನ್ನು ನೋಡಿಕೊಳ್ಳುವ ರಕ್ಷಣಾಧಿಕಾರಿ (ಸಾಂಸ್ಥಿಕ), ಪ್ರಾಯೋಜಕತ್ವ ಮತ್ತು ಪೋಷಕತ್ವವನ್ನು ನೋಡಿಕೊಳ್ಳುವ ರಕ್ಷಣಾಧಿಕಾರಿ (ಅಸಾಂಸ್ಥಿಕ) ಹಾಗೂ ಕಾನೂನು ಮತ್ತು ಪರಿವೀಕ್ಷಣಾಧಿಕಾರಿ, ಈ ಮೂವರಿಗೆ ತಲಾ ರೂ. 27,804/-. ಆಪ್ತ ಸಮಾಲೋಚಕರು ಒಬ್ಬರು, ಸಮಾಜ ಕಾರ್ಯಕರ್ತರು ಇಬ್ಬರು, ಲೆಕ್ಕಿಗರು ಒಬ್ಬರು, ದತ್ತಾಂಶ ವಿಶ್ಲೇಷಕರು ಒಬ್ಬರು, ಈ ಐವರಿಗೆ ತಲಾ ರೂ. 18,536/-. ಸಹಾಯಕ ಹಾಗೂ ಡಾಟಾ ಎಂಟ್ರಿ ಆಪರೇಟರ್ ಒಬ್ಬರಿಗೆ ರೂ. 13,240/-. ಕ್ಷೇತ್ರ ಕಾರ್ಯಕರ್ತರು ಇಬ್ಬರಿಗೆ ತಲಾ ರೂ. 10,592/-.

ಇದಕ್ಕೆ ಹಿಂದಿನ ದರಗಳು ಕ್ರಮವಾಗಿ ರೂ. 33,250, 21,000, 14,000, 10,000 ಮತ್ತು 8,000 ಇದ್ದವು. ಎಲ್ಲ ಹುದ್ದೆಗಳಿಗೂ ಶೇಕಡ 32.4ರ ಒಂದೇ ಪ್ರಮಾಣದಲ್ಲಿ ಹೆಚ್ಚಳವಾಗಿರುವುದನ್ನು ಓದುಗರು ಲೆಕ್ಕ ಹಾಕಿ ನೋಡಬಹುದು. ಹೆಚ್ಚಳದ ಪ್ರಮಾಣ ಎಲ್ಲರಿಗೂ ಸಮನಾದರೂ ಕೈಗೆ ಬರುವ ಮೊತ್ತ ಸಮನಲ್ಲ. ಮುಖ್ಯಸ್ಥರಿಗೆ ರೂ. 10,773 ಹೆಚ್ಚಿದರೆ, ಹಳ್ಳಿ ಹಳ್ಳಿಗೆ ಓಡಾಡುವ ಕ್ಷೇತ್ರ ಕಾರ್ಯಕರ್ತರಿಗೆ ಹೆಚ್ಚಿದ್ದು ರೂ. 2,592. ಮಗುವಿನ ಮನೆಯನ್ನು ಮೊದಲು ಕಾಣುವವರು ಇವರೇ ಆಗಿರುವುದರಿಂದ ಈ ಅಂತರವನ್ನು ಗಮನಕ್ಕೆ ತರುವುದು ಅನುಚಿತವಾಗಲಾರದು.

ಮೇಲ್ಕಂಡ ದರಗಳಲ್ಲಿ 12 ಹುದ್ದೆಗಳೂ ತುಂಬಿದ್ದಲ್ಲಿ ಒಂದು ಘಟಕದ ಮಾಸಿಕ ವೇತನ ವೆಚ್ಚ ರೂ. 2,54,539/-, ವಾರ್ಷಿಕ ರೂ. 30,54,468/-. ಯಾವುದೇ ಹುದ್ದೆಯನ್ನು ಇಲಾಖೆಯ ಖಾಯಂ ಅಧಿಕಾರಿಯ ನಿಯೋಜನೆಯ ಮೂಲಕ ತುಂಬಿದಲ್ಲಿ ಅವರ ವೇತನ ಸ್ವಂತ ವೇತನ ಶ್ರೇಣಿಯಂತೆ ಇರುವುದರಿಂದ ವಾಸ್ತವ ವೆಚ್ಚ ಬೇರೆಯಾಗುತ್ತದೆ. ಉಳಿದ ಹುದ್ದೆಗಳು ಗುತ್ತಿಗೆ ಆಧಾರದ ಹುದ್ದೆಗಳು.

ಘಟಕದ ಹೊರಗೂ ಸಿಬ್ಬಂದಿ ಇದ್ದಾರೆ. ಮಕ್ಕಳ ಕಲ್ಯಾಣ ಸಮಿತಿಯಲ್ಲಿ ಒಬ್ಬ ಅಧ್ಯಕ್ಷರು ಮತ್ತು ನಾಲ್ವರು ಸದಸ್ಯರು. ಬಾಲ ನ್ಯಾಯ ಮಂಡಳಿಯಲ್ಲಿ ಪ್ರಧಾನ ದಂಡಾಧಿಕಾರಿಯವರೊಡನೆ ಇಬ್ಬರು ಸಮಾಜ ಕಾರ್ಯಕರ್ತ ಸದಸ್ಯರು, ಅವರಲ್ಲಿ ಒಬ್ಬರು ಮಹಿಳೆ. ಸಮಿತಿಯ ಸದಸ್ಯರಿಗೂ ಮಂಡಳಿಯ ಈ ಇಬ್ಬರಿಗೂ ವೇತನವಿಲ್ಲ, ಬೈಠಕ್ಕಿಗೆ ಇಷ್ಟು ಎಂಬಂತೆ ಭತ್ಯೆ ಮಾತ್ರ. 2016ರ ಕೇಂದ್ರ ಮಾದರಿ ನಿಯಮಗಳು ಇದನ್ನು ರೂ. 1,500ಕ್ಕೆ ಕಡಿಮೆಯಿಲ್ಲದಂತೆ ನಿಗದಿಪಡಿಸಲು ತಿಳಿಸಿದ್ದವು. ಸರ್ಕಾರಿ ಬಾಲಮಂದಿರ ಮತ್ತು ವೀಕ್ಷಣಾಲಯಗಳ ಸಿಬ್ಬಂದಿ ಪ್ರಮಾಣವನ್ನು 50 ಮಕ್ಕಳ ಘಟಕವನ್ನು ಆಧಾರವಾಗಿಟ್ಟುಕೊಂಡು ಲೆಕ್ಕ ಹಾಕಲಾಗುತ್ತದೆ. ಮಕ್ಕಳ ಸಹಾಯವಾಣಿ 1098 ಬಹುಕಾಲ ಸ್ವಯಂಸೇವಾ ಸಂಸ್ಥೆಗಳ ಮೂಲಕ ನಡೆಯುತ್ತಿತ್ತು. 2023ರಲ್ಲಿ ಅದು ಸರ್ಕಾರದ ನೇರ ನಿರ್ವಹಣೆಗೆ ಬಂದು 112 ತುರ್ತು ವ್ಯವಸ್ಥೆಯೊಡನೆ ಜೋಡಣೆಯಾಯಿತು. ಮಿಷನ್ ವಾತ್ಸಲ್ಯದಡಿ ಜಿಲ್ಲಾ ಸಹಾಯವಾಣಿ ಘಟಕಕ್ಕೆ ಸಂಯೋಜಕರು, ಸಮಾಲೋಚಕರು, ಮೂವರು ಮೇಲ್ವಿಚಾರಕರು ಮತ್ತು ಮೂವರು ಪ್ರಕರಣ ಕಾರ್ಯಕರ್ತರ ಹುದ್ದೆಗಳಿವೆ. ದಿನದ 24 ಗಂಟೆಯನ್ನು ಮೂರು ಪಾಳಿಗಳಾಗಿ ಹಂಚಿದರೆ ಪಾಳಿಗೊಬ್ಬರಂತಾಯಿತು. ಒಬ್ಬರು ರಜೆ ಹಾಕಿದರೆ ಪಾಳಿಯನ್ನು ಹೊಂದಿಸುವುದು ಕಷ್ಟ.

ಹಣ ಬರುವ ದಾರಿ

ಇದು ಕೇಂದ್ರ ಪುರಸ್ಕೃತ ಯೋಜನೆ. ಮಿಷನ್ ವಾತ್ಸಲ್ಯದಲ್ಲಿ ಕರ್ನಾಟಕದಂತಹ ರಾಜ್ಯಗಳಿಗೆ ಕೇಂದ್ರದ ಪಾಲು ಶೇಕಡ 60, ರಾಜ್ಯದ ಪಾಲು ಶೇಕಡ 40. ಈಶಾನ್ಯ ರಾಜ್ಯಗಳು, ಹಿಮಾಚಲ ಪ್ರದೇಶ, ಉತ್ತರಾಖಂಡ ಮತ್ತು ಜಮ್ಮು ಕಾಶ್ಮೀರಕ್ಕೆ ಇದು 90:10. ವಿಧಾನಸಭೆ ಇಲ್ಲದ ಕೇಂದ್ರಾಡಳಿತ ಪ್ರದೇಶಗಳಿಗೆ ಪೂರ್ಣ ವೆಚ್ಚ ಕೇಂದ್ರದ್ದು. ಯೋಜನೆಯ ಆರಂಭದ ವರ್ಷಗಳಲ್ಲಿ ಜಿಲ್ಲಾ ಘಟಕಗಳ ವೆಚ್ಚ 75:25ರಂತೆ ಹಂಚಿಕೆಯಾಗುತ್ತಿತ್ತು. ಹದಿನಾಲ್ಕನೇ ಹಣಕಾಸು ಆಯೋಗದ ಅವಧಿಯಲ್ಲಿ ಕೇಂದ್ರ ಪುರಸ್ಕೃತ ಯೋಜನೆಗಳ ಹಂಚಿಕೆ ಪರಿಷ್ಕರಣೆಯಾದಾಗ ರಾಜ್ಯದ ಹೊಣೆ ಶೇಕಡ 25ರಿಂದ 40ಕ್ಕೆ ಏರಿತು. ಮೇಲೆ ಹೇಳಿದ ಘಟಕದ ಮಾಸಿಕ ವೇತನದಲ್ಲಿ ಈಗಿನ ಹಂಚಿಕೆಯಂತೆ ಕೇಂದ್ರದ ಪಾಲು ಸುಮಾರು ರೂ. 1,52,723, ರಾಜ್ಯದ ಪಾಲು ಸುಮಾರು ರೂ. 1,01,816.

ಪ್ರತಿ ಆರ್ಥಿಕ ವರ್ಷಕ್ಕೆ ರಾಜ್ಯವು ವಾರ್ಷಿಕ ಹಣಕಾಸು ಪ್ರಸ್ತಾವನೆಯನ್ನು ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಮಂತ್ರಾಲಯಕ್ಕೆ ಸಲ್ಲಿಸುತ್ತದೆ. ಎಷ್ಟು ಘಟಕ, ಎಷ್ಟು ಸಂಸ್ಥೆ, ಎಷ್ಟು ಮಕ್ಕಳು, ಎಷ್ಟು ಹುದ್ದೆ ಭರ್ತಿ ಎಂಬ ವಿವರ ಅದರಲ್ಲಿರುತ್ತದೆ. ಮಂತ್ರಾಲಯದ ಯೋಜನಾ ಅನುಮೋದನಾ ಮಂಡಳಿಯು ಅದನ್ನು ಪರಿಶೀಲಿಸಿ ಮೊತ್ತವನ್ನು ಒಪ್ಪುತ್ತದೆ. ಬಳಿಕ ಕೇಂದ್ರದ ಪಾಲು ಕಂತುಗಳಲ್ಲಿ ಬಿಡುಗಡೆಯಾಗುತ್ತದೆ, ರಾಜ್ಯವು ತನ್ನ ಪಾಲನ್ನು ಸೇರಿಸುತ್ತದೆ. ಆಯವ್ಯಯದಲ್ಲಿ ಆಸಕ್ತಿ ಇರುವವರು ಸಮಾಜ ಭದ್ರತೆ ಮತ್ತು ಕಲ್ಯಾಣದ ಪ್ರಧಾನ ಲೆಕ್ಕ ಶೀರ್ಷಿಕೆ 2235ರ ಅಡಿಯಲ್ಲಿ ಮಕ್ಕಳ ಕಲ್ಯಾಣದ ಬಾಬುಗಳನ್ನು ನೋಡಬಹುದು. ಹಿಂದಿನ ಕಂತಿನ ಬಳಕೆ ಪ್ರಮಾಣ ಪತ್ರ ಸಲ್ಲಿಕೆಯಾಗದೆ ಮುಂದಿನ ಕಂತು ಬಾರದು.

ಇಲ್ಲಿ ಒಂದು ಅಂಶವನ್ನು ವಿವರವಾಗಿ ತಿಳಿಸುವುದು ಅಗತ್ಯ. ಕೇಂದ್ರ ಹಣಕಾಸು ಮಂತ್ರಾಲಯವು 2021ರ ಮಾರ್ಚ್ 23ರಂದು ಹೊರಡಿಸಿದ ಆದೇಶದಂತೆ ಪ್ರತಿ ಯೋಜನೆಗೆ ರಾಜ್ಯದಲ್ಲಿ ಒಂದೇ ನೋಡಲ್ ಸಂಸ್ಥೆ ಮತ್ತು ಅದಕ್ಕೆ ಒಂದೇ ಬ್ಯಾಂಕ್ ಖಾತೆ ಇರತಕ್ಕದ್ದು. ವರ್ಷದ ಮೊತ್ತದ ಶೇಕಡ 25ಕ್ಕಿಂತ ಹೆಚ್ಚನ್ನು ಒಮ್ಮೆಲೇ ಬಿಡುಗಡೆ ಮಾಡತಕ್ಕದ್ದಲ್ಲ. ಹಿಂದೆ ಬಿಡುಗಡೆಯಾದ ಕೇಂದ್ರ ಮತ್ತು ರಾಜ್ಯದ ಪಾಲಿನಲ್ಲಿ ಕನಿಷ್ಠ ಶೇಕಡ 75 ಖರ್ಚಾದ ಮೇಲೆ ಮಾತ್ರ ಮುಂದಿನ ಕಂತು. ಬ್ಯಾಂಕುಗಳಲ್ಲಿ ಹಣ ನಿಷ್ಕ್ರಿಯವಾಗಿ ಉಳಿಯಬಾರದೆಂಬ ಈ ನಿಯಮದ ಉದ್ದೇಶ ಸರಿಯಾದದ್ದೇ. ಆದರೆ ವೇತನದ ಬಾಬಿನಲ್ಲಿ ಅದು ಹೇಗೆ ಕೆಲಸ ಮಾಡುತ್ತದೆಂದು ನೋಡಿ.

ಒಂದು ಘಟಕದಲ್ಲಿ ಕಾನೂನು ಮತ್ತು ಪರಿವೀಕ್ಷಣಾಧಿಕಾರಿ, ಆಪ್ತ ಸಮಾಲೋಚಕರು, ಒಬ್ಬ ಸಮಾಜ ಕಾರ್ಯಕರ್ತರು ಮತ್ತು ಲೆಕ್ಕಿಗರು, ಈ ನಾಲ್ಕು ಹುದ್ದೆಗಳು ಖಾಲಿ ಇವೆಯೆಂದು ಭಾವಿಸೋಣ. ಮೂರು ತಿಂಗಳಿಗೆ ಬಿಡುಗಡೆಯಾದ ವೇತನ ರೂ. 7,63,617. ಖಾಲಿ ಹುದ್ದೆಗಳ ಮೊತ್ತ ತಿಂಗಳಿಗೆ ರೂ. 83,412ರಂತೆ ಖರ್ಚಾಗದೆ ಉಳಿಯುತ್ತದೆ. ಖರ್ಚಾಗುವುದು ರೂ. 5,13,381, ಅಂದರೆ ಶೇಕಡ 67. ಶೇಕಡ 75ರ ಪರೀಕ್ಷೆ ಇಡೀ ರಾಜ್ಯದ ಮೊತ್ತಕ್ಕೆ ಅನ್ವಯವಾಗುತ್ತದೆಯೇ ಹೊರತು ಒಂದು ಜಿಲ್ಲೆಗಲ್ಲ. ಆದರೂ ಹಲವು ಜಿಲ್ಲೆಗಳಲ್ಲಿ ಇದೇ ಸ್ಥಿತಿಯಿದ್ದರೆ ರಾಜ್ಯದ ಮೊತ್ತವೂ ಕೆಳಗಿಳಿಯುತ್ತದೆ. ಆಗ ಮುಂದಿನ ಕಂತು ತಡವಾಗುತ್ತದೆ. ತಡವಾದ ಕಂತಿನಿಂದ ಕೆಲಸದಲ್ಲಿರುವ ಎಂಟು ಮಂದಿಯ ವೇತನವೂ ತಡವಾಗುತ್ತದೆ. ವೇತನ ತಡವಾದಲ್ಲಿ ಅವರಲ್ಲಿ ಬೇರೆ ಕೆಲಸ ಸಿಕ್ಕವರು ಹೊರಡುತ್ತಾರೆ. ಖಾಲಿ ಹುದ್ದೆ ಹಣವನ್ನು ಉಳಿಸುತ್ತದೆ ಎಂಬ ಭಾವನೆ ಕೆಲವೊಮ್ಮೆ ಕಡತದ ಟಿಪ್ಪಣಿಗಳಲ್ಲಿಯೂ ಕಾಣುತ್ತದೆ. ಲೆಕ್ಕಶಾಸ್ತ್ರ ಓದಿದವರು ಅದನ್ನು ಉಳಿತಾಯವೆಂದು ಒಪ್ಪಲಾರರು. ಖಾಲಿಯಾದ ಹುದ್ದೆ ಲೆಕ್ಕಿಗರದ್ದೇ ಆಗಿದ್ದರಂತೂ ಬಳಕೆ ಪ್ರಮಾಣ ಪತ್ರವನ್ನು ಸಿದ್ಧಪಡಿಸುವವರೇ ಇಲ್ಲವಾಗುತ್ತಾರೆ. 2023ರ ನಂತರ ಹಂತ ಹಂತವಾಗಿ ಯೋಜನೆಗಳಿಗೆ ಜಾರಿಯಾಗುತ್ತಿರುವ 'ಸ್ಪರ್ಶ್' ವ್ಯವಸ್ಥೆಯಲ್ಲಿ ಮುಂಗಡ ಕಂತಿನ ಬದಲು ಬಿಲ್ಲು ಸಲ್ಲಿಕೆಯಾದಾಗ ಹಣ ಪಾವತಿಯಾಗಬೇಕೆಂಬುದು ಆಶಯ. ಅಲ್ಲಿಯೂ ಬಿಲ್ಲು ತಯಾರಿಸಲು ಒಬ್ಬರು ಬೇಕು.

ಹುದ್ದೆ ಖಾಲಿ ಇದ್ದಲ್ಲಿ ಕಾನೂನಿನ ಗಡುವುಗಳು

ಅಧಿನಿಯಮವು ಕೆಲಸಕ್ಕೆ ದಿನಗಳನ್ನು ಗೊತ್ತುಪಡಿಸಿದೆ; ಸಿಬ್ಬಂದಿ ಕೊರತೆಯ ಕಾರಣಕ್ಕೆ ಆ ದಿನಗಳು ಹಿಗ್ಗುವುದಿಲ್ಲ. ಪಾಲನೆ ಮತ್ತು ರಕ್ಷಣೆ ಬೇಕಾದ ಮಗುವನ್ನು ಪ್ರಯಾಣದ ವೇಳೆಯನ್ನು ಹೊರತುಪಡಿಸಿ 24 ಗಂಟೆಗಳೊಳಗೆ ಸಮಿತಿಯ ಮುಂದೆ ಹಾಜರುಪಡಿಸಬೇಕು. ಸಾಮಾಜಿಕ ತನಿಖಾ ವರದಿ 15 ದಿನಗಳಲ್ಲಿ ಮುಗಿಯಬೇಕು, ಮಗುವನ್ನು ಮೊದಲು ಹಾಜರುಪಡಿಸಿದ ದಿನದಿಂದ ನಾಲ್ಕು ತಿಂಗಳೊಳಗೆ ಸಮಿತಿಯು ಅಂತಿಮ ಆದೇಶ ನೀಡಬೇಕು ಎಂಬುದು ಪ್ರಕರಣ 36ರ ಆಶಯ. ವರದಿ ಬಾರದಿದ್ದರೆ ಆದೇಶವಿಲ್ಲ. ಆದೇಶವಿಲ್ಲದೆ ಮಗು ಮನೆಗೆ ಹೋಗುವಂತಿಲ್ಲ, ದತ್ತುವಿಗೆ ಮುಕ್ತವೆಂದು ಘೋಷಣೆಯಾಗುವಂತಿಲ್ಲ. ಬಾಲಮಂದಿರದಲ್ಲಿ ಕಳೆದ ಆ ಹೆಚ್ಚುವರಿ ತಿಂಗಳುಗಳು ಯಾವ ಲೆಕ್ಕಪತ್ರದಲ್ಲಿಯೂ ವೆಚ್ಚವೆಂದು ನಮೂದಾಗುವುದಿಲ್ಲ.

ಸಮಿತಿಯ ಹುದ್ದೆಗಳಿಗೂ ಇದೇ ಮಾತು. ಸಮಿತಿ ಸೇರಿಲ್ಲದ ವೇಳೆಯಲ್ಲಿ ಮಗುವನ್ನು ಒಬ್ಬ ಸದಸ್ಯರ ಮುಂದೆ ಹಾಜರುಪಡಿಸಬಹುದು. ಆದರೆ ಪ್ರಕರಣದ ಅಂತಿಮ ವಿಲೇವಾರಿಗೆ ಕನಿಷ್ಠ ಮೂವರು ಇರಲೇಬೇಕು. ಐವರಲ್ಲಿ ಮೂರು ಸ್ಥಾನ ತೆರವಾದರೆ ಉಳಿದ ಇಬ್ಬರು ದಿನವೂ ಬಂದು ಕುಳಿತರೂ ಪ್ರಕರಣ ಮುಗಿಯದು. ಸದಸ್ಯರ ಅವಧಿ ಮೂರು ವರ್ಷಕ್ಕೆ ಮೀರುವಂತಿಲ್ಲವಾದ್ದರಿಂದ ಸ್ಥಾನ ತೆರವಾಗುವ ದಿನ ಮೂರು ವರ್ಷ ಮೊದಲೇ ಗೊತ್ತಿರುತ್ತದೆ. ಆಯ್ಕೆ ಪ್ರಕ್ರಿಯೆಯನ್ನು ಮುಂಚಿತವಾಗಿ ಆರಂಭಿಸಲು ಅಡ್ಡಿಯೇನೂ ಇಲ್ಲ.

ಬಾಲ ನ್ಯಾಯ ಮಂಡಳಿಯ ಮುಂದಿನ ವಿಚಾರಣೆಗೂ ನಾಲ್ಕು ತಿಂಗಳ ಗಡುವಿದೆ. ಕಾರಣ ದಾಖಲಿಸಿ ಇನ್ನೆರಡು ತಿಂಗಳು ವಿಸ್ತರಿಸಬಹುದು. ಅಲ್ಪ ಸ್ವರೂಪದ ಅಪರಾಧದ ವಿಚಾರಣೆ ವಿಸ್ತೃತ ಅವಧಿಯ ನಂತರವೂ ಮುಗಿಯದಿದ್ದಲ್ಲಿ ನಡವಳಿಯೇ ಕೊನೆಗೊಳ್ಳುತ್ತದೆ.

ಈ ವಿಷಯ ಸರ್ವೋಚ್ಚ ನ್ಯಾಯಾಲಯದ ಮುಂದೆಯೂ ಬಂದಿದೆ. ಸಂಪೂರ್ಣ ಬೆಹುರಾ ವಿರುದ್ಧ ಭಾರತ ಒಕ್ಕೂಟ ಎಂಬ, 2005ರಲ್ಲಿ ದಾಖಲಾದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯಲ್ಲಿ ನ್ಯಾಯಮೂರ್ತಿ ಮದನ್ ಬಿ. ಲೋಕೂರ್ ಮತ್ತು ನ್ಯಾಯಮೂರ್ತಿ ದೀಪಕ್ ಗುಪ್ತಾ ಅವರ ಪೀಠವು 2018ರ ಫೆಬ್ರವರಿ 9ರಂದು ತೀರ್ಪು ನೀಡಿತು. ಸಮಿತಿ, ಮಂಡಳಿ ಹಾಗೂ ಮಕ್ಕಳ ಹಕ್ಕುಗಳ ಆಯೋಗಗಳಲ್ಲಿನ ಖಾಲಿ ಸ್ಥಾನಗಳನ್ನು ಸಕಾಲದಲ್ಲಿ ತುಂಬಬೇಕೆಂದು ಅದು ನಿರ್ದೇಶಿಸಿತು. ಅಧಿನಿಯಮದ ಜಾರಿಯನ್ನು ಗಮನಿಸಲು ಸ್ವಯಂಪ್ರೇರಿತ ಪ್ರಕರಣ ದಾಖಲಿಸಿಕೊಳ್ಳುವಂತೆ ಉಚ್ಚ ನ್ಯಾಯಾಲಯಗಳನ್ನೂ ಕೋರಿತು. ಅರ್ಜಿ ದಾಖಲಾದ ವರ್ಷ ಮತ್ತು ತೀರ್ಪಿನ ವರ್ಷದ ನಡುವೆ ಹದಿಮೂರು ವರ್ಷ ಕಳೆದಿತ್ತು.

ಅರ್ಜಿದಾರರು ಗಮನಿಸತಕ್ಕ ಅಂಶಗಳು

ಹೆಚ್ಚಿನ ಅರ್ಜಿಗಳು ಪ್ರಾಯೋಜಕತ್ವಕ್ಕೆ ಸಂಬಂಧಿಸಿದವು. ಮಿಷನ್ ವಾತ್ಸಲ್ಯದ ಮಾರ್ಗಸೂಚಿಯಲ್ಲಿ ಇದರ ಮೊತ್ತ ಮಗುವಿಗೆ ಮಾಸಿಕ ರೂ. 4,000/-. ಕುಟುಂಬದ ವಾರ್ಷಿಕ ಆದಾಯ ಗ್ರಾಮೀಣ ಪ್ರದೇಶದಲ್ಲಿ ರೂ. 72,000, ಇತರೆಡೆ ರೂ. 96,000 ಮೀರಿರಬಾರದು. ತಾಯಿ ವಿಧವೆಯೋ ವಿಚ್ಛೇದಿತಳೋ ಪರಿತ್ಯಕ್ತಳೋ ಆಗಿರುವ ಮಕ್ಕಳು, ತಂದೆತಾಯಿಯನ್ನು ಕಳೆದುಕೊಂಡು ಬಂಧುಗಳ ಮನೆಯಲ್ಲಿರುವವರು, ಮಾರಣಾಂತಿಕ ಕಾಯಿಲೆಯಿಂದ ಬಳಲುತ್ತಿರುವವರ ಅಥವಾ ದುಡಿಯಲು ಅಶಕ್ತರಾದವರ ಮಕ್ಕಳು ಇದರ ವ್ಯಾಪ್ತಿಗೆ ಬರುತ್ತಾರೆ. ಈ ಧನಸಹಾಯದ ಬಾಬು ಬೇರೆ, ಸಿಬ್ಬಂದಿ ವೇತನದ ಬಾಬು ಬೇರೆ. ಮಕ್ಕಳ ಹಣದಿಂದ ವೇತನ ಕೊಡುವುದಿಲ್ಲ. ಆದರೆ ಮನೆಭೇಟಿಯ ವರದಿ ಇಲ್ಲದೆ ಮಗುವಿನ ಹಣ ಮಂಜೂರಾಗುವುದೂ ಇಲ್ಲ. ಖಾತೆಯಲ್ಲಿ ಹಣವಿದ್ದೂ ಅರ್ಜಿ ನಿಂತುಬಿಡುವುದು ಈ ಹಂತದಲ್ಲಿಯೇ.

ಆದ್ದರಿಂದ ಅರ್ಜಿಯೊಂದಿಗೆ ಮಗುವಿನ ಜನನ ಪ್ರಮಾಣ ಪತ್ರ, ಶಾಲಾ ದೃಢೀಕರಣ, ನಾಡಕಚೇರಿಯ ಆದಾಯ ಪ್ರಮಾಣ ಪತ್ರ, ಅನ್ವಯವಾದಲ್ಲಿ ಮರಣ ಅಥವಾ ವೈದ್ಯಕೀಯ ಪ್ರಮಾಣ ಪತ್ರ, ಬ್ಯಾಂಕ್ ಪಾಸ್ ಪುಸ್ತಕದ ಪ್ರತಿ, ಇವುಗಳನ್ನು ಮೊದಲ ಸಲವೇ ಪೂರ್ಣವಾಗಿ ಲಗತ್ತಿಸುವುದು ಒಳಿತು. ಇಬ್ಬರು ಮಾಡಬೇಕಾದ ಕೆಲಸವನ್ನು ಒಬ್ಬರು ಮಾಡುತ್ತಿರುವ ಕಚೇರಿಯಲ್ಲಿ, ಒಂದು ಕಾಗದಕ್ಕಾಗಿ ಹಿಂದಿರುಗಿದ ಅರ್ಜಿ ಮತ್ತೆ ಸರದಿಯ ಕೊನೆಗೆ ಸೇರುವ ಸಂಭವವಿದೆ. ಮನೆ ಬದಲಾಯಿಸಿದ್ದಲ್ಲಿ ಹೊಸ ವಿಳಾಸವನ್ನು ತಪ್ಪದೆ ತಿಳಿಸಿ. ಅರ್ಜಿ ಸಲ್ಲಿಸಿದ ದಿನವೇ ದಿನಾಂಕವುಳ್ಳ ಸ್ವೀಕೃತಿಯನ್ನು ಕೇಳಿ ಪಡೆಯಿರಿ. ಮಧ್ಯವರ್ತಿಗಳಿಗೆ ಹಣ ಕೊಡುವ ಅಗತ್ಯವಿಲ್ಲ.

ಸಮಿತಿಯ ಮುಂದಿರುವ ಪ್ರಕರಣದಲ್ಲಿ "ಸಮಾಜ ಕಾರ್ಯಕರ್ತರ ಹುದ್ದೆ ಖಾಲಿ ಇದೆ" ಎಂಬ ಉತ್ತರ ಬಂದಲ್ಲಿ ಅಷ್ಟಕ್ಕೇ ಸುಮ್ಮನಾಗಬೇಕಿಲ್ಲ. ಸಾಮಾಜಿಕ ತನಿಖೆಯನ್ನು ಸಮಾಜ ಕಾರ್ಯಕರ್ತರು, ಮಕ್ಕಳ ಕಲ್ಯಾಣಾಧಿಕಾರಿ ಅಥವಾ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ನಡೆಸಬಹುದೆಂದು ಪ್ರಕರಣ 36 ಹೇಳುತ್ತದೆ. ಲಭ್ಯರಿರುವ ಮತ್ತೊಬ್ಬರಿಗೆ ತನಿಖೆಯನ್ನು ವಹಿಸುವಂತೆ ಸಮಿತಿಗೆ ಲಿಖಿತವಾಗಿ ಕೋರಬಹುದು. ಸಮಿತಿಯ ಕಾರ್ಯನಿರ್ವಹಣೆಯ ಬಗ್ಗೆ ದೂರಿದ್ದಲ್ಲಿ ಜಿಲ್ಲಾಧಿಕಾರಿಯವರೇ ಕುಂದುಕೊರತೆ ನಿವಾರಣಾ ಪ್ರಾಧಿಕಾರಿ. ಬಾಧಿತ ಮಗು ಅಥವಾ ಮಗುವಿಗೆ ಸಂಬಂಧಪಟ್ಟ ಯಾರೇ ಆದರೂ ಅವರಿಗೆ ದೂರು ನೀಡಬಹುದು. ಮಕ್ಕಳ ಹಕ್ಕಿನ ಉಲ್ಲಂಘನೆಯ ದೂರುಗಳನ್ನು ಕರ್ನಾಟಕ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೂ ಸಲ್ಲಿಸಬಹುದು. ಮಗು ಅಪಾಯದಲ್ಲಿದ್ದರೆ ಈ ಯಾವ ಪತ್ರವನ್ನೂ ಕಾಯದೆ 1098ಕ್ಕೆ ಕರೆ ಮಾಡತಕ್ಕದ್ದು.

ನಿಮ್ಮ ಜಿಲ್ಲೆಯ ಘಟಕದಲ್ಲಿ ಎಷ್ಟು ಹುದ್ದೆ ಮಂಜೂರಾಗಿವೆ, ಎಷ್ಟು ಭರ್ತಿಯಾಗಿವೆ, ಯಾವ ದಿನಾಂಕದಿಂದ ಖಾಲಿ ಇವೆ, ವರ್ಷದಲ್ಲಿ ವೇತನದ ಬಾಬಿಗೆ ಬಂದ ಹಣವೆಷ್ಟು, ಖರ್ಚಾದದ್ದೆಷ್ಟು ಎಂಬುದನ್ನು ಮಾಹಿತಿ ಹಕ್ಕು ಅಧಿನಿಯಮ, 2005ರಡಿ ಪಡೆಯಬಹುದು. ಸಿಬ್ಬಂದಿಯ ಮಾಸಿಕ ವೇತನ ಮತ್ತು ಕಚೇರಿಗೆ ಹಂಚಿಕೆಯಾದ ಆಯವ್ಯಯದ ವಿವರ ಪ್ರಕರಣ 4(1)(ಬಿ) ಪ್ರಕಾರ ಕಚೇರಿ ತಾನಾಗಿಯೇ ಪ್ರಕಟಿಸಬೇಕಾದ ಮಾಹಿತಿಯಲ್ಲಿ ಸೇರಿದೆ. ಅರ್ಜಿ ಶುಲ್ಕ ರೂ. 10, ಬಡತನ ರೇಖೆಗಿಂತ ಕೆಳಗಿರುವವರಿಗೆ ಶುಲ್ಕವಿಲ್ಲ. ಉತ್ತರಕ್ಕೆ 30 ದಿನಗಳ ಗಡುವಿದೆ. ಆದರೆ ಇನ್ನೊಬ್ಬರ ಮಗುವಿನ ಪ್ರಕರಣದ ವರದಿಯನ್ನಾಗಲಿ ಹೆಸರು, ವಿಳಾಸ, ಶಾಲೆಯ ವಿವರವನ್ನಾಗಲಿ ಕೇಳಿದಲ್ಲಿ ಕೊಡಲು ಬರುವುದಿಲ್ಲ. ಅಧಿನಿಯಮದ ಪ್ರಕರಣ 74 ಮತ್ತು 99ರ ಪ್ರಕಾರ ಮಗುವಿನ ಗುರುತು ಮತ್ತು ವರದಿಗಳು ಗೋಪ್ಯ. ಒಂದೇ ಅರ್ಜಿಯಲ್ಲಿ ಎರಡನ್ನೂ ಕೇಳಿದಾಗ ಇಡೀ ಅರ್ಜಿಯ ಉತ್ತರ ತಡವಾಗುವುದುಂಟು. ಸಿಬ್ಬಂದಿ ಮತ್ತು ಹಣದ ವಿವರಕ್ಕೆ ಪ್ರತ್ಯೇಕ ಅರ್ಜಿ ಸಲ್ಲಿಸಲು ಕೋರಲಾಗಿದೆ.